ಬಾಗಿಲ ಹೊರಗಿನ ದನಿ

ಸೂಸಾಮಿರ್
ಫೆಬ್ರವರಿ ೨೬

ಮುದ್ದಿನ ಸೊಸೆ ಜಿಪಾರ್‌ಗೆ,

ನಿನ್ನ ಅತ್ತೆ ಕುಲಿಪಾಳ ಆಶೀರ್ವಾದಗಳು. ನೀನೂ ಕುಬಾತನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನೀನು ಕಳಿಸಿದ ಬೂಟು ತಲುಪಿತು. ಎರ್ಬೋಲನಿಗೆ ಒಂದು ಬೆರಳಿನಷ್ಟು ದೊಡ್ಡದು, ಆದರೆ ಬಿಚ್ಚಲು ಒಪ್ಪುವುದಿಲ್ಲ, ಹಾಕಿಕೊಂಡೇ ಮಲಗುತ್ತಾನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನ್ ಇದ್ದೂ ಈ ಮುದುಕಿ ಕಾಗದ ಯಾಕೆ ಬರೆಯುತ್ತಾಳೆ ಎಂದು ನೀನು ನಗಬಹುದು. ಫೋನಿನಲ್ಲಿ ಮಾತಾಡುವಾಗ ಅವನು ನನ್ನ ತೊಡೆಯ ಮೇಲೇ ಕೂತಿರುತ್ತಾನೆ. ಇದು ಅವನನ್ನು ಕೂರಿಸಿಕೊಂಡು ಆಡುವ ಮಾತಲ್ಲ. ಪಕ್ಕದ ಮನೆಯ ಸಾಗಿನನ ಮಗಳು ಮಾಸ್ಕೋಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಬದುಕಿದ್ದೇವೆ. ಇನ್ನು ಮುಂದಕ್ಕೆ ಓದು.

ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಅದನ್ನು ಮೊದಲು ಹೇಳಿದವರು ನನ್ನ ಅತ್ತೆ, ಕುಬಾತನಿಗೆ ಹಲ್ಲು ಬರುತ್ತಿದ್ದ ಚಳಿಗಾಲದಲ್ಲಿ. ಸೊಸೆಯಾದ ನಾನು ಅವರ ಹೆಸರನ್ನು ಇವತ್ತಿಗೂ ಬಾಯಲ್ಲಿ ತರುವುದಿಲ್ಲ. ಕುಬಾತ್ ಅವರ ಮಡಿಲಲ್ಲಿದ್ದ, ನಾನು ಒಲೆಯ ಬಳಿ ಉಣ್ಣೆ ಬಿಡಿಸುತ್ತಿದ್ದೆ. ಕಥೆ ಇಷ್ಟು: ಹಿಮದ ಗಾಳಿ ಒಬ್ಬಳು ಹೆಂಗಸು. ಅವಳಿಗೆ ಮಕ್ಕಳಿಲ್ಲ. ಮೂರು ದಿನ ಹೊಗೆಕೊಳವೆಗೆ ಕಿವಿಯಿಟ್ಟು ಮನೆಯೊಳಗಿನ ಮಾತನ್ನೆಲ್ಲ ಕದ್ದು ಕೇಳುತ್ತಾಳೆ. ಯಾರ ದನಿ ಹೇಗೆ, ಯಾರ ಗುಟ್ಟು ಏನು, ಎಲ್ಲ ಕಲಿಯುತ್ತಾಳೆ. ಆಮೇಲೆ ಬಾಗಿಲಿಗೆ ಬಂದು ತಾಯಿಯ ದನಿಯಲ್ಲೇ ಕರೆಯುತ್ತಾಳೆ. ಏನೇ ವೇಷ ಹಾಕಿದರೂ ಅವಳು ಹೇಳುವುದು ಒಂದೇ ಮಾತು: "ನಾನು ನಿನ್ನವ್ವ ಕಣೋ, ಬಾಗ್ಲು ತೆಗಿ." ತೆಗೆದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬೆಟ್ಟದಾಚೆ ಹೋಗಿಬಿಡುತ್ತಾಳೆ. ಕಥೆ ಕೇಳಿದ ಮರುದಿನ ಬೆಳಿಗ್ಗೆ ನಾನು ಎದ್ದು, ಬಕೆಟ್ ತೆಗೆದುಕೊಂಡು ನೀರಿಗೆ ಹೋದೆ. ದಾರಿಯುದ್ದಕ್ಕೂ ಅಳುತ್ತಲೇ ನಡೆದೆ.

ಈ ತಿಂಗಳು ಒಂಬತ್ತನೇ ತಾರೀಖು ನಿನ್ನ ಮಾವ ಕುದುರೆ ಹತ್ತಿ, ಮೇಲಿನ ಕುರಿ ಹಟ್ಟಿಗೆ ಹೋದರು. ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದಿದ್ದರು. ಊಟದ ಹೊತ್ತಿಗೆ ಎದುರಿನ ಬೆಟ್ಟ ಕಾಣಲಿಲ್ಲ, ಚಹಾದ ಹೊತ್ತಿಗೆ ನಮ್ಮ ಬೇಲಿಯೇ ಕಾಣಲಿಲ್ಲ. ಅಂದೇ ಕರೆಂಟು ಹೋಯಿತು. ಎರ್ಬೋಲ್ ಕಾರ್ಟೂನು ನೋಡುತ್ತ ಫೋನಿನಲ್ಲಿದ್ದ ಜೀವವನ್ನೆಲ್ಲ ಮುಗಿಸಿದ.

ಕೆಳಗಿನ ಬೀದಿಯ ಆ ಹುಡುಗಿ ನಿನಗೆ ನೆನಪಿರಬೇಕು. ಇಂಥದ್ದೇ ಗಾಳಿಯಲ್ಲಿ ನಾಯಿಮರಿ ಹುಡುಕಲು ಹೊರಗೆ ಹೋದವಳು ಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಸಿಕ್ಕಿದಳು, ಅದೂ ಹಿಮ ಕರಗಿದ ಮೇಲೆ. ಆ ಹತ್ತು ಹೆಜ್ಜೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಯಜಮಾನರು ಎಲ್ಲಿದ್ದಾರೋ ಎಂಬ ಭಯ ಒಂದು ಕಡೆ, ಇವನು ಯಾವ ಗಳಿಗೆಯಲ್ಲಿ ಕೊಂಡಿ ತೆಗೆದು ಓಡುತ್ತಾನೋ ಎಂಬ ಭಯ ಇನ್ನೊಂದು ಕಡೆ.

ನಾಲ್ಕೂವರೆ ವರ್ಷದ ಹುಡುಗನನ್ನು ಒಂದೇ ಕೋಣೆಯಲ್ಲಿ ಹಿಡಿದಿಡುವುದೆಂದರೆ ಕೋಳಿಯನ್ನು ಚೀಲದಲ್ಲಿಟ್ಟು ನೆಮ್ಮದಿಯಾಗಿರು ಎಂದ ಹಾಗೆ. ಮೊದಲ ದಿನ ಕುರಿಯ ಗಿಣ್ಣುಮೂಳೆಗಳ ಚೀಲ ಬಿಚ್ಚಿದೆ. ಗೋಲಿಯ ಹಾಗೆ ಒಂದು ಮೂಳೆಯಿಂದ ಇನ್ನೊಂದನ್ನು ಹೊಡೆಯುವ ಆಟ ಮುಗಿದ ಮೇಲೆ ಅವನು ಮೂಳೆಗಳಿಗೆ ಹೆಸರಿಟ್ಟ. ಕೆಂಪು ಬಣ್ಣದ ದೊಡ್ಡದು ಅವ್ವ, ಎಂದರೆ ನಾನು. ಕಪ್ಪನೆಯದು ಅಪ್ಪ, ನಿನ್ನ ಮಾವ. ಮೂಲೆ ಮುರಿದ ಚಿಕ್ಕದು ತಾನು. ಎರಡು ಬಿಳಿಯವನ್ನು ತೆಗೆದುಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟ. "ಇದು ಮಾಸ್ಕೋ. ಇವ್ನು ಅಣ್ಣ, ಇವ್ಳು ಅಕ್ಕ. ಅಲ್ಲಿ ಚಳಿ ಅಲ್ವಾ ಅವ್ವ?" ಎಂದ. ಹೌದು ಅಂದೆ.

ಎರಡನೇ ದಿನ ಹಿಟ್ಟು ನಾದಿ ಕುರಿ ಮಾಡಿದೆವು. ಎಣ್ಣೆಯಲ್ಲಿ ಕರಿದು ಕೊಟ್ಟರೆ, ತಲೆಗಳನ್ನೆಲ್ಲ ತಾನು ತಿಂದು ಮೈಗಳನ್ನು ನನಗೆ ಬಿಟ್ಟ. ಗೋಡೆಗೆ ಒಟ್ಟಿದ ರಜಾಯಿಗಳ ರಾಶಿಯನ್ನು ಬೆಟ್ಟ ಮಾಡಿ ಹತ್ತಿದ. ಆಮೇಲೆ, "ಕಾರ್ಟೂನ್ ಹಾಕು."

"ಫೋನ್ ಸತ್ತೋಗಿದೆ ಮಗಾ."

"ಸತ್ತಿದ್ರೆ ಮಣ್ಣು ಮಾಡ್ಬೇಕಲ್ವಾ? ನಡಿ. ನೀನು ಅಳು."

ಫೋನನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿ ರಜಾಯಿಗಳ ನಡುವೆ ಹೂತೆವು. ನಾನು ಅಳುವ ನಾಟಕ ಶುರು ಮಾಡಿದೆ, ಅದು ನಾಟಕವಾಗಿ ಉಳಿಯಲಿಲ್ಲ. ಹಟ್ಟಿಯ ದಾರಿ ಕಣ್ಣಮುಂದೆ ಬಂತು. ಅವನು ನನ್ನ ಮುಖ ನೋಡಿ, "ಸಾಕು ಅವ್ವ, ಸುಮ್ನೆ ಫೋನು ಅದು" ಎಂದ.

ಮೂರನೇ ದಿನಕ್ಕೆ ನನ್ನ ಬಳಿ ಆಟಗಳೇ ಉಳಿಯಲಿಲ್ಲ. ತೊಲೆಗಳನ್ನು ಎಣಿಸಿದ್ದಾಗಿತ್ತು, ಉಣ್ಣೆ ಬಡಿದಿದ್ದಾಗಿತ್ತು, ಬೆಕ್ಕಿಗೆ ಶಾಲು ಹೊದಿಸಿದ್ದಾಗಿತ್ತು. ತಿರುಗಿ ನೋಡಿದರೆ ಎಡಬಲ ಅದಲುಬದಲು ಬೂಟು ಹಾಕಿಕೊಂಡು ಬಾಗಿಲ ಕೊಂಡಿಗೆ ಕೈ ಹಚ್ಚಿದ್ದಾನೆ!

"ಎಲ್ಲಿಗೋ?"

"ಅಪ್ಪನ್ನ ಕರ್ಕೊಂಡು ಬರ್ತೀನಿ. ನಿಂಗೆ ಭಯ. ನಂಗಿಲ್ಲ."

ಓಡಿಹೋಗಿ ಕೈ ಹಿಡಿದೆ ಜಿಪಾರ್. ಎಳೆದು ಕೂರಿಸಿ ಆ ಕಥೆ ಹೇಳಿದೆ. ಅತ್ತೆ ಹೇಳಿದ್ದಕ್ಕಿಂತ ಹೆಚ್ಚು ಭಯ ಬೆರೆಸಿ, ಹೊಗೆಕೊಳವೆಗೆ ಕಿವಿಯಿಟ್ಟವಳ ಉಸಿರನ್ನೂ ಮಾಡಿ ತೋರಿಸಿದೆ. ಕಣ್ಣು ಅಗಲಿಸಿ ಕೇಳಿದ. "ತಾಯಿ ದನೀಲೇ ಕರೀತಾಳಾ?" "ತಾಯಿ ದನೀಲೇ." "ತೆಗಿಬಾರ್ದಾ?" "ಸತ್ರೂ ತೆಗಿಬಾರ್ದು." ಬೂಟು ಬಿಚ್ಚಿಟ್ಟ. ನನಗೆ ನನ್ನ ಜಾಣತನದ ಮೇಲೆ ಹೆಮ್ಮೆಯಾಯಿತು.

ಅಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹಸು ಒಂದೇ ಸಮನೆ ಕೂಗಿತು. ಹಿಂದಿನ ದಿನದಿಂದ ಮೇವಿರಲಿಲ್ಲ. ಬಾಗಿಲಿನಿಂದ ಕೊಟ್ಟಿಗೆಗೆ ನಿನ್ನ ಮಾವ ಹಗ್ಗ ಕಟ್ಟಿರುವುದು ನಿನಗೆ ಗೊತ್ತು. ಒಳಗಿನಿಂದ ಕೊಂಡಿ ಹಾಕದಿದ್ದರೆ ಗಾಳಿ ಬಾಗಿಲನ್ನೇ ಕಿತ್ತೆಸೆಯುವ ಹಾಗಿತ್ತು. "ನಾನು ಹೋದ ಮೇಲೆ ಕೊಂಡಿ ಹಾಕ್ಕೋ, ಬಂದು ಬಡೀತೀನಿ" ಎಂದು ಹೇಳಿ, ಹಗ್ಗ ಹಿಡಿದು ಹೋದೆ. ಮೇವು ಹಾಕಿ ಹಿಂದಿರುಗಿ ಬಾಗಿಲು ಬಡಿದೆ.

"ತೆಗಿಯೋ ಎರ್ಬೋಲ್, ನಾನು ಅವ್ವ."

ಪುಟ್ಟ ಹೆಜ್ಜೆಗಳು ಬಾಗಿಲ ತನಕ ಬಂದವು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ ಅಂದ, "ಹೂಂ, ಹಂಗೇ ಹೇಳ್ತೀಯ ನೀನು!"

"ನಿಜವಾಗ್ಲೂ ನಾನೇ ಕಣೋ!"

"ಅವ್ವನ ಮೂಳೆ ಯಾವ್ದು?"

"ಕೆಂಪು ದೊಡ್ಡದು."

"ಫೋನ್ ಎಲ್ಲಿ ಹೂತಿದೀವಿ?"

"ರಜಾಯಿ ಒಳಗೆ, ನೀಲಿದರ ಕೆಳಗೆ."

"ಎಲ್ಲಾ ಕದ್ದು ಕೇಳಿಸ್ಕೊಂಡಿದೀಯ. ಕೊಳವೆಯಿಂದ. ಹೋಗು ಇಲ್ಲಿಂದ, ನಮ್ಮವ್ವ ಬರ್ತಾಳೆ, ನಿನ್ನ ಒದೀತಾಳೆ."

ನಾನು ಕಟ್ಟಿದ ಬೋನಿನಲ್ಲಿ ನಾನೇ ಬಿದ್ದಿದ್ದೆ. ಕೂಗಿದೆ, ಬೈದೆ, ಅತ್ತುಬಿಟ್ಟೆ. ಒಳಗಿನ ಹುಡುಗ ಕಿಲಕಿಲ ನಗುವುದು ಕೇಳಿಸಿತು, ಮತ್ತೆ ಅದೇ ನಗು ನಡುಗುವುದೂ ಕೇಳಿಸಿತು. ಕಿಟಕಿಯ ಗಾಜಿನ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಕೈಬೆರಳು ಮರಗಟ್ಟಿದವು, ಬಡಿದ ಪೆಟ್ಟು ನನಗೇ ತಿಳಿಯದಾಯಿತು. ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂರಬಹುದಿತ್ತು. ಆದರೆ ಒಳಗೆ ಒಲೆ ತುಂಬ ಕಲ್ಲಿದ್ದಲು ಉರಿಯುತ್ತಿತ್ತು, ಮಗು ಒಬ್ಬನೇ. ಆಮೇಲೆ ಅವನ ನಗು ನಿಂತಿತು. ಸಣ್ಣ ದನಿಯಲ್ಲಿ ಅಳುತ್ತ, "ಅವ್ವ ಎಲ್ಲಿದೀಯ, ಗಾಳಿ ಹೋಗ್ತಿಲ್ಲ" ಎನ್ನತೊಡಗಿದ. ನಾನು ಒಂದು ಗೇಣು ಹಲಗೆಯ ಆಚೆ ನಿಂತಿದ್ದೆ. ಆ ಹತ್ತು ಹೆಜ್ಜೆಗಿಂತಲೂ ಹತ್ತಿರ.

ಕೊನೆಗೆ ಏನೋ ಒಂದು ಮಾತು ಹೇಳಿದೆ, ತೆಗೆದ. ಬಾಗಿಲೊಳಗೆ ಬಿದ್ದೆ. ಎದ್ದು ಕುಳಿತು ಬೆರಳಿಗೆ ಕುರಿಯ ಕೊಬ್ಬು ತಿಕ್ಕಿಕೊಂಡೆ. ಎರಡರ ತುದಿ ಇನ್ನೂ ಕಪ್ಪಗಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ನಿನ್ನ ಮಾವ ಎರಡು ದಿನ ಕಳೆದು ಬಂದರು. ಹಟ್ಟಿಯಲ್ಲಿ ಕುರಿಗಳ ನಡುವೆ ಬೆಚ್ಚಗೆ ಮಲಗಿದ್ದರಂತೆ. "ಅಲ್ಲಿ ನಿಮ್ಮಷ್ಟು ಗಲಾಟೆ ಇರ್ಲಿಲ್ಲ" ಅಂದರು. ಅವರನ್ನು ಹೊಡೆಯಬೇಕೋ ತಬ್ಬಬೇಕೋ ತಿಳಿಯಲಿಲ್ಲ.

ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ಕುಬಾತನಿಗೆ ತಲೆಗೆ ಟೋಪಿ ಹಾಕಿಕೊಳ್ಳಲು ಹೇಳು. ನಿಮ್ಮ ದಾರಿ ಬಿಳಿಯಾಗಿ, ಶುಭವಾಗಿರಲಿ, ದೇವರು ನಿಮ್ಮನ್ನು ಕಾಯಲಿ.

ಇಂತಿ ನಿನ್ನ ಅತ್ತೆ,
ಕುಲಿಪಾ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಹಲಗೆಗೆ ಹಣೆ ಹಚ್ಚಿ ನಾನು ಹೇಳಿದ್ದು ಇದು: "ನಾನು ನಿನ್ನವ್ವ ಅಲ್ಲ ಕಣೋ. ನಾನು ನಿನ್ನಜ್ಜಿ. ಮಾಸ್ಕೋದಲ್ಲಿ ಅಕ್ಕ ಇದ್ದಾಳಲ್ಲ, ಅವಳೇ ನಿನ್ನವ್ವ." ಕೊಂಡಿ ಸರಿಯಿತು. "ಗಾಳಿ ಆಗಿದ್ರೆ ಹಂಗೆ ಹೇಳ್ತಿರ್ಲಿಲ್ಲ" ಎಂದ.

ಮೊದಲ ಮಗು ಅಜ್ಜ ಅಜ್ಜಿಯದು ಎನ್ನುವುದು ನಮ್ಮಲ್ಲಿ ನಡೆದು ಬಂದದ್ದು. ಹುಟ್ಟಿದ ನಲವತ್ತನೇ ದಿನ ಅವನನ್ನು ಒಯ್ಯಲು ಬಂದಾಗ ತೊಟ್ಟಿಲ ಪಟ್ಟಿಯನ್ನು ನೀನು ಬಿಡಲಿಲ್ಲ. ನಾನು ಎಳೆದೆ. ನಿನ್ನ ಕೈಯ ಬಿಗಿ ನನಗೆ ಗೊತ್ತಾಯಿತು, ಏಕೆಂದರೆ ನನ್ನ ಕೈಯೂ ಒಮ್ಮೆ ಹಾಗೇ ಬಿಗಿದಿತ್ತು. ಕುಬಾತ್ ನನ್ನನ್ನು ಇಂದಿಗೂ ಅಕ್ಕ ಎಂದೇ ಕರೆಯುತ್ತಾನೆ, ಅವ್ವ ಎಂದದ್ದು ನನ್ನ ಅತ್ತೆಯನ್ನು. ನಾನು ಹೆತ್ತದ್ದು ಅವನೊಬ್ಬನನ್ನೇ. ಅವ್ವ ಎಂಬ ಆ ಒಂದು ಕರೆಗಾಗಿ ಎರ್ಬೋಲನನ್ನು ತೆಗೆದುಕೊಂಡೆ. ಕೊಳವೆಗೆ ಕಿವಿಯಿಟ್ಟವಳ ಕಥೆ ಕೇಳಿದ ಮರುದಿನ ನೀರಿನ ದಾರಿಯಲ್ಲಿ ನಾನು ಯಾಕೆ ಅಷ್ಟು ಅತ್ತೆನೆಂದು ಈಗ ನಿನಗೆ ತಿಳಿದಿರಬಹುದು.

ಅವನು ಆ ರಾತ್ರಿ ಬೇಗನೆ ಮಲಗಿದ. ಮರುದಿನ ಬೆಳಿಗ್ಗೆ ನಾನು ಕಣ್ಣು ತೆರೆಯುವಷ್ಟರಲ್ಲಿ ಮೂಳೆಗಳನ್ನು ಹರಡಿಕೊಂಡು ಕುಳಿತಿದ್ದ. ಕಿಟಕಿಯ ಕಟ್ಟೆಯಿಂದ ಅಕ್ಕನ ಬಿಳಿ ಮೂಳೆಯನ್ನು ಇಳಿಸಿ ತಂದು, ಮೂಲೆ ಮುರಿದ ಚಿಕ್ಕದರ ಪಕ್ಕ ಇಟ್ಟ. ನನ್ನ ಕೆಂಪು ಮೂಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಎಲ್ಲಿಡುತ್ತಾನೋ ಎಂದು ನಾನು ಕಾದೆ. ಅದನ್ನು ಒಲೆಯ ಬಳಿಗೆ, ಎಲ್ಲಕ್ಕಿಂತ ಬೆಚ್ಚಗಿನ ಜಾಗಕ್ಕೆ ಒಯ್ದು ಇಟ್ಟು, ನನ್ನ ಕಡೆ ತಿರುಗಿ, "ಅಜ್ಜೀ, ನಿಂಗೆ ಚಳಿ" ಎಂದ.