ದಣಿಯದ ಬಿಲ್ಲೆ

ಬಿಸಿಲುಹಾಸು, ಹದಿನೇಳನೆಯ ಸಾಲು
ಇಸವಿ ೨೧೭೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಗಾರೆ ಕಲೆಸುವ, ಬೀಡಿ ಕಟ್ಟುವ, ಪರರ ಮನೆಯ ಪಾತ್ರೆ ತಿಕ್ಕುವ ನನ್ನ ಹಿರೀಕರೇ,

ನನ್ನ ಮಾತು ನಿಮಗೆ ಒರಟಾಗಿ, ಅರ್ಧ ಬೇರೆ ಭಾಷೆಯಂತೆ ಕೇಳಿಸಬಹುದು. ಮನ್ನಿಸಿ. ನೂರೈವತ್ತು ವರ್ಷ ಸರ್ಕಾರಿ ಸುತ್ತೋಲೆ ಓದಿ ಓದಿ ನಮ್ಮ ನಾಲಗೆ ಕೆಟ್ಟಿದೆ. ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಅರವತ್ತು ತುಂಬಿದವರಿಗೆ ಪಿಂಚಣಿ ಎಂದು ಮೊದಲು ಹೇಳಿದ್ದರು. ಅರವತ್ತು ತುಂಬುವವರು ಹೆಚ್ಚಾದಾಗ ವರ್ಷಕ್ಕೇ ಒಂದು ತಿಂಗಳು ಸೇರಿಸಿ ಉದ್ದ ಮಾಡಿದರು. ಆದರೂ ಕೆಲವರು ಹಟ ಹಿಡಿದು ಬದುಕಿದರು. ಆಗ ವಯಸ್ಸನ್ನೇ ತೆಗೆದುಹಾಕಿ 'ದಣಿವಳತೆ' ತಂದರು. ಆ ಅಳತೆಯ ಸಲುವಾಗಿಯೇ ಈ ಕಾಗದ.

ನಮ್ಮದು ಒರೆಸುವ ಕೆಲಸ. ನಿಮ್ಮ ಕಾಲದಲ್ಲಿ ಶೇಂಗಾ ಬೆಳೆಯುತ್ತಿದ್ದ ಹೊಲಗಳ ಮೇಲೆಲ್ಲ ಈಗ ಕನ್ನಡಿಯಂಥ ಹಲಗೆಗಳಿವೆ. ಬಿಸಿಲನ್ನು ಹಿಡಿದು ಊರೂರಿಗೆ ಕರೆಂಟು ಕಳಿಸುತ್ತವೆ. ಕಣ್ಣು ಹಾಯುವವರೆಗಿನ ಈ ಹರವಿಗೆ ಬಿಸಿಲುಹಾಸು ಎನ್ನುತ್ತೇವೆ. ಧೂಳು ಕೂತರೆ ಹಲಗೆ ಕುರುಡು. ಒರೆಸುವ ಯಂತ್ರಗಳೂ ಬಂದಿದ್ದವು. ಯಂತ್ರ ಕೆಟ್ಟರೆ ರಿಪೇರಿಗೆ ಖರ್ಚು, ಹೆಂಗಸು ಕೆಟ್ಟರೆ ಖರ್ಚಿಲ್ಲ ಎಂದು ತಿಳಿದ ಮೇಲೆ ಯಂತ್ರಗಳನ್ನು ವಾಪಸ್ ಕಳಿಸಿದರು. ಹಲಗೆ ಕಾಯುವ ಮುನ್ನ, ನಸುಕಿನಲ್ಲೇ, ಹಳೆ ಸೀರೆಯ ತುಂಡು ಮತ್ತು ತಲೆಗೆರಡು ಚೊಂಬು ನೀರು ಹಿಡಿದು ಸಾಲಿಗಿಳಿಯುತ್ತೇವೆ. ಸೋರಿ ಬಿದ್ದ ನೀರಿನಲ್ಲಿ ಹಲಗೆಯಡಿ ಅವರೆ ಬಳ್ಳಿ ಹಬ್ಬಿಸಿದ್ದೇವೆ. ಅದಕ್ಕೂ ಈ ವರ್ಷದಿಂದ 'ನೆರಳುಬಾಡಿಗೆ' ಹಾಕಿದ್ದಾರೆ.

ಒಬ್ಬೊಬ್ಬರ ಮಣಿಕಟ್ಟಿಗೂ ಒಂದು ಬಿಲ್ಲೆ. ಕೈ ಎಷ್ಟು ಆಡಿತು, ಎಲ್ಲಿ ನಿಂತಿತು, ಎಲ್ಲವನ್ನೂ ಅದು ಕಚೇರಿಗೆ ಚಾಡಿ ಹೇಳುತ್ತದೆ. ಬಿಲ್ಲೆ ಸತತ ಎರಡು ವರ್ಷ ದಣಿವು ತೋರಿಸಿದರೆ ನೀನು ಮುದುಕಿ, ನಿನಗೆ 'ಮುಪ್ಪಿನಾಸರೆ' ಪಿಂಚಣಿ. ಆದರೆ ಎರಡು ತಿಂಗಳು ದಣಿವು ತೋರಿಸಿದರೆ ಸಾಲಿನಿಂದ ಹೊರಗೆ. ಎರಡು ತಿಂಗಳಿಗೇ ಹೊರಬಿದ್ದವಳು ಎರಡು ವರ್ಷ ದಣಿದು ತೋರಿಸುವುದು ಎಲ್ಲಿ? ಕೇಳಿದೆವು. ಆ ನಿಯಮ ಬೇರೆ ಇಲಾಖೆಯದು ಎಂದರು.

ನನ್ನ ಅತ್ತೆ ಸಣ್ಣೋಬಕ್ಕನ ಮಂಡಿ ಹೋಗಿ ಎಂಟು ವರ್ಷವಾಯಿತು. ನಮ್ಮಲ್ಲಿ 'ಕೈಬದಲು' ಎಂಬ ಪದ್ಧತಿಯಿದೆ. ಬಸುರಿಯದೋ, ಬಾಣಂತಿಯದೋ, ಕಾಯಿಲೆಯವಳದೋ ಬಿಲ್ಲೆಯನ್ನು ಪಕ್ಕದವಳು ತನ್ನ ಇನ್ನೊಂದು ಕೈಗೆ ಕಟ್ಟಿಕೊಂಡು ಎರಡೂ ಕೈಯಲ್ಲಿ ಒರೆಸುತ್ತಾಳೆ. ಮುಯ್ಯಿ ಇದ್ದ ಹಾಗೆ, ಯಾರೂ ಹೇಳಿಕೊಟ್ಟದ್ದಲ್ಲ. ಎಂಟು ವರ್ಷ ನಾನೂ ವಾರಗಿತ್ತಿ ಮಾರಕ್ಕನೂ ದಿನ ಬಿಟ್ಟು ದಿನ ಅತ್ತೆಯ ಬಿಲ್ಲೆ ಕಟ್ಟಿದೆವು. ಅವಳ ಹೆಸರು ಬಿದ್ದುಹೋಗಬಾರದೆಂಬ ಜಿದ್ದಿಗೆ ನಮ್ಮದಕ್ಕಿಂತ ಜೋರಾಗಿ ಅವಳದನ್ನು ಆಡಿಸಿದೆವು. ನಾವು ಕೆಟ್ಟದ್ದೇ ಅಲ್ಲಿ.

ಕಳೆದ ವಾರ ಪಿಂಚಣಿಯ ವಿಚಾರಣೆಗೆ ಅವಳನ್ನು ಹೊತ್ತುಕೊಂಡು ಹೋದೆವು. ಅಧಿಕಾರಿ ಪರದೆ ನೋಡಿ ನಕ್ಕ. "ಏನಜ್ಜೀ, ನಿನ್ನ ಬಿಲ್ಲೆ ನೋಡಿದ್ರೆ ಇಡೀ ಸಾಲಿಗೇ ನೀನೇ ಚುರುಕು. ನನಗಿಂತ ಹುಡುಗಿ ಆಗ್ಬಿಟ್ಟಿದ್ದೀಯ!"

"ಹಂಗಾರೆ ನನ್ನನ್ನ ಲಗ್ನ ಆಗಪ್ಪ," ಎಂದಳು ಅತ್ತೆ. "ನಿನ್ ಪಿಂಚಣೀಲೇ ಇಬ್ರೂ ಉಣ್ಣಾನ."

ಅವನು ಅವಳ ಮಂಡಿಯನ್ನು ಒಮ್ಮೆಯೂ ನೋಡಲಿಲ್ಲ. ನೋಡಿದ್ದು ನನ್ನ ಕೈಗಳನ್ನು. ಬಿಲ್ಲೆ ಕಟ್ಟಿದ ಜಾಗ ಬಿಸಿಲು ಕಾಣದೆ ಬಿಳಿಚಿಕೊಳ್ಳುತ್ತದೆ; ನನಗೆ ಆ ಪಟ್ಟಿ ಎರಡೂ ಮಣಿಕಟ್ಟಿನಲ್ಲಿದೆ, ಮಾರಕ್ಕನಿಗೂ ಇದೆ. ನೋಡಿದ, ಏನೂ ಕೇಳಲಿಲ್ಲ, ಅರ್ಜಿ ವಜಾ ಮಾಡಿದ. ಅವನಿಗೆ ಗೊತ್ತಿತ್ತು! ಅವನ ಮೇಲಿನವರಿಗೂ ಗೊತ್ತು. ನಾವು ಒಬ್ಬರನ್ನೊಬ್ಬರು ಬೀಳಗೊಡುವುದಿಲ್ಲ ಎಂದು ಗೊತ್ತಿದ್ದೇ, ಆ ಅಂತಃಕರಣವನ್ನೇ ನೆಚ್ಚಿಕೊಂಡು ಈ ನಿಯಮ ಬರೆದಿದ್ದಾರೆಂದು ನನ್ನ ಗುಮಾನಿ. ನಿಜ ಒಪ್ಪಿಕೊಂಡರೆ ಕೈಬದಲು ವಂಚನೆ. ಮೂವರ ಬಿಲ್ಲೆಯೂ ಹೋಗುತ್ತದೆ. ಸುಮ್ಮನಿದ್ದರೆ ಅತ್ತೆ ಸಾಯುವವರೆಗೂ ಹುಡುಗಿ.

ದಾರಿಯಲ್ಲಿ ಮಾರಕ್ಕ, "ಹೇಳೇಬಿಡಾನ ಕಣಕ್ಕ," ಎಂದಳು. ಬೆನ್ನ ಮೇಲಿಂದಲೇ ಅತ್ತೆ ಗದರಿದಳು: "ಹಲ್ಲು ಉದುರಿಸ್ತೀನಿ. ನಿಮ್ ಮಕ್ಳ ಒಲೆ ಆರ್ಸಿ ನನಗೆ ಗಂಜಿ ಕಾಯಿಸ್ತೀರಾ?"

ಇವತ್ತು ಮಧ್ಯಾಹ್ನ ಎಲ್ಲ ಸಾಲಿನವರೂ ಸೇರಿದ್ದೆವು, ಇನ್ನೂರ ಹನ್ನೆರಡು ಜನ. ಅರ್ಜಿ, ನಿಯೋಗ, ಮನವಿ ಎಂದು ಮಾತು ಸುತ್ತುತ್ತಿತ್ತು. ಕೊನೆಗೆ ಒಂಬತ್ತನೆಯ ಸಾಲಿನ ಬಾಣಂತಿಯೊಬ್ಬಳು ಎದ್ದಳು: "ಅಜ್ಜಿ ಒರೆಸಿದಷ್ಟೇ ನಾವೂ ಒರೆಸಾನ. ನಮಗೇನು ಮುಪ್ಪು ಬರಾಕಿಲ್ವಾ?" ಅಷ್ಟೇ. ತೀರ್ಮಾನವಾಯಿತು. ಎರಡು ತಿಂಗಳಿಗೆ ಎಲ್ಲರನ್ನೂ ಹೊರಹಾಕಬಹುದು. ಹಾಕಲಿ. ಧೂಳು ಎರಡು ತಿಂಗಳು ಕಾಯುವುದಿಲ್ಲ.

ಹಿರೀಕರೇ, ನಿಮ್ಮ ಬಾಗಿಲಿಗೂ ಚೆಂದದ ಹೆಸರಿಟ್ಟುಕೊಂಡು ಯೋಜನೆಗಳು ಬರುತ್ತವೆ. ಬೇಡ ಎನ್ನಬೇಡಿ, ಅದು ಭಿಕ್ಷೆಯಲ್ಲ, ನಿಮ್ಮ ಬೆವರಿನ ಹಕ್ಕು. ಆದರೆ ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿ: ನಾನು ಮುದುಕಿಯಾದೆ ಎಂದು ಹೇಳುವವರು ಯಾರು, ನಾನೋ ನೀನೋ? ಉತ್ತರ ಸಿಗುವವರೆಗೆ ಆ ಕಚೇರಿಯಿಂದ ಎದ್ದು ಬರಬೇಡಿ. ಅಲ್ಲಿ ನಿಮ್ಮನ್ನು ನೋಡಿ ನಗುವವನನ್ನು ನಂಬಬೇಡಿ. ನನ್ನನ್ನೂ ಪೂರ್ತಿ ನಂಬಬೇಡಿ, ನಿಮ್ಮ ಪಕ್ಕದವಳನ್ನು ಕೇಳಿ ನೋಡಿ.

ನಾಳೆ ನಸುಕಿಗೆ ಅತ್ತೆ ಎಂಟು ವರ್ಷದ ಮೇಲೆ ತನ್ನ ಬಿಲ್ಲೆಯನ್ನು ತಾನೇ ಕಟ್ಟಿಕೊಂಡು ಮುಂದೆ ನಿಲ್ಲುತ್ತಾಳೆ. ಅವಳು ಒಂದು ಹಲಗೆ ಒರೆಸಿದರೆ ನಾವೂ ಒಂದೇ. ಅವಳು ಕೂತರೆ ಎಲ್ಲರೂ ಕೂರುತ್ತೇವೆ. ರಾಜಧಾನಿಯ ದೀಪ ಮಂಕಾದ ದಿನ ಅವರೇ ಓಡಿಬಂದು ಕೇಳಲಿ, ಈ ಸಾಲುಗಳಲ್ಲಿ ಮುದುಕಿ ಯಾರು ಎಂದು.

ದುರುಗಮ್ಮ
ಒರೆಸುವವಳು