ಹತ್ತು ಸಾವಿರ ಜೋಳ, ಎರಡು ಕೆಂಪು ಕಾಳು

ಗುಳೇದಗುಡ್ಡ, ಎರಡನೇ ವೈಶಾಖದ ನಲವತ್ತೊಂದನೇ ದಿನ

ಅನ್ನಪೂರ್ಣಾ ದೊಡ್ಡವ್ವನವರಿಗೆ ಇಳಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಬೇಸಿಗೆ ನಿಮ್ಮ ಪಂಚಾಂಗದೊಳಗೆ ಹಿಡಿಸದೆ ತಿಂಗಳುಗಳನ್ನೇ ಉದ್ದ ಮಾಡಿಕೊಂಡಿದ್ದೇವೆ. ನಾನು ನಿಮ್ಮ ಮನೆತನದವಳೇ, ಐದು ತಲೆಮಾರು ಈಚೆ ಹುಟ್ಟಿದವಳು. ನನ್ನ ಕನ್ನಡ ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಕಾಳುವಾರ್ತೆ ಎಂಬುದಿದೆ. ರೋಗದ ಸುದ್ದಿಯಾಗಲಿ, ಔಷಧದ ಸುದ್ದಿಯಾಗಲಿ, ಬಾಯಿಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಓಣಿಯ ಕಟ್ಟೆಯ ಮೇಲೆ ಮೊರ ಇಟ್ಟು, ಹತ್ತು ಸಾವಿರ ಜೋಳದ ಕಾಳು ಹರಡಿ, ತೊಂದರೆಗೆ ಸಿಕ್ಕವರಷ್ಟು ಕಾಳಿಗೆ ಕೆಂಪು ಬಳಿದು ತೋರಿಸಬೇಕು. ಕೆಂಪು ಕಾಳು ಕಣ್ಣಿಗೆ ಬೀಳುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಹಿರಿಯರು ಕನ್ನಡಕ ಏರಿಸಿ ಹುಡುಕುತ್ತಾರೆ. ಕೋಳಿ ಬಂದು ಬಾಯಿ ಹಾಕಿದರೆ ದೊಡ್ಡ ರಂಪ. ಎಷ್ಟೋ ಸಲ ಹುಡುಕಿ ಬೇಸತ್ತು ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ನಿಮ್ಮ ಕಾಲದಲ್ಲಿ ಈ ಪದ್ಧತಿ ಇರಲಿಲ್ಲ ಎಂಬುದೇ ನನ್ನ ಸಂಕಟ. ನಾಳೆ ನೀವು ಖಣದ ಕುಪ್ಪಸ ಹೊಲಿಯುತ್ತ ಕೂತಾಗ ಟಿವಿಯವರು ಕಿರುಚಲಿದ್ದಾರೆ: ನೀವು ನುಂಗುವ ಬಿಪಿ ಗುಳಿಗೆಯಿಂದ ಕ್ಯಾನ್ಸರ್ ಅಪಾಯ ದುಪ್ಪಟ್ಟು! ಅದು ಸುಳ್ಳಲ್ಲ, ದೊಡ್ಡವ್ವ. ಗುಳಿಗೆ ನುಂಗದ ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುವುದು, ನುಂಗಿದವರಲ್ಲಿ ಇಬ್ಬರಿಗೆ ಬಂದಿತ್ತು. ಒಂದು ಎರಡಾದರೆ ದುಪ್ಪಟ್ಟೇ. ಎಷ್ಟು ಜನರಲ್ಲಿ ಎಂಬುದನ್ನು ಮಾತ್ರ ಆ ಪುಣ್ಯಾತ್ಮರು ಹೇಳಲಿಲ್ಲ. ಗುಳಿಗೆ ಬಿಟ್ಟವರಲ್ಲಿ ಎಷ್ಟು ಮಂದಿಗೆ ಲಕ್ವ ಹೊಡೆಯುತ್ತದೆ ಎಂದೂ ಹೇಳಲಿಲ್ಲ. ಅದನ್ನು ಮೊರದಲ್ಲಿ ತೋರಿಸಿದ್ದರೆ ಎಲ್ಲಿ ನೋಡಿದರೂ ಕೆಂಪು ಕಾಳೇ, ಹುಡುಕುವ ಕೆಲಸವೇ ಇರುತ್ತಿರಲಿಲ್ಲ.

ಮುಂದಿನದು ನಿಮಗೆ ನಾಳಿನ ಮಾತು, ನನಗೆ ಮುಗಿದ ಕಥೆ. ನೀವು ಆಡಿದ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. "ಇದನ್ನ ನುಂಗಿ ಕ್ಯಾನ್ಸರ್ ಹಚ್ಚಿಕೊಳ್ಳಾಕ ನನಗೇನ್ ಹುಚ್ಚ ಹಿಡದೈತೇನ್ರಿ? ನಾಳಿಂದ ಈ ಗುಳಿಗಿ ಮುಟ್ಟಂಗಿಲ್ಲ." ನಿಮ್ಮ ಯಜಮಾನರು ವಿರೂಪಾಕ್ಷಪ್ಪನವರು, "ಡಾಕ್ಟರಿಗೊಂದ್ ಮಾತ್ ಕೇಳೂಣಲಾ" ಎಂದರಂತೆ. ನೀವು ಕೇಳಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೊಲಿಗೆ ಯಂತ್ರದ ಮೇಲೆ ಕುಸಿದಿರಿ. ಇದನ್ನು ಬರೆಯುವಾಗ ಆ ಟಿವಿಯವರ ಮೇಲೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ನಾನೂ ಅವರ ಹಾಗೆಯೇ ಆಗುತ್ತೇನೆ. ನಿಮಗೆ ಮಕ್ಕಳಿರಲಿಲ್ಲ. ನೀವು ತೀರಿಕೊಂಡ ಮೇಲೆ ವಿರೂಪಾಕ್ಷಪ್ಪನವರು ಇನ್ನೊಂದು ಮದುವೆಯಾದರು. ನಾನು ಆ ಎರಡನೇ ಹೆಂಡತಿಯ ವಂಶದವಳು. ನೀವು ಬದುಕಿದರೆ ಆ ಮದುವೆ ನಡೆಯುವುದಿಲ್ಲ, ನಾನೂ ಹುಟ್ಟುವುದಿಲ್ಲ. ಹೆದರಿಕೆಯಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ನನಗೀಗ ಅರವತ್ತೆಂಟು, ಬೇಕಾದಷ್ಟು ಬೇಸಿಗೆ ಕಂಡಿದ್ದೇನೆ. ನಿಮಗೆ ನಲವತ್ತೂ ತುಂಬಲಿಲ್ಲ.

ಗುಳಿಗೆ ತಗೊಳ್ಳಿ, ದೊಡ್ಡವ್ವ.