ಒಂಬತ್ತು ರಿಂಗಿನ ಸೆರಗು

9 ಮೇ 1994, ನಸುಕಿನ 3.20
ಕೂಸು ಕೆಮ್ಮಿದ ಸದ್ದಿಗೆ ಎಚ್ಚರ. ಆರು ತಿಂಗಳ ಕೂಸಿಗೆ ಇಂಥ ಕೆಮ್ಮು... ಮತ್ತೆ ನಿದ್ದೆ ಹತ್ತಲಿಲ್ಲ. ಟ್ರೇಸಿಂಗ್ ಹಾಳೆ ಹರಡಿ ಕೂತೆ. ಸೆರಗಿನುದ್ದಕ್ಕೂ ದಾಳಿಂಬೆ ಬಳ್ಳಿ. ಬಟ್ಟೆ ಬಿಗಿಹಿಡಿಯುವ ಕಸೂತಿ ಮಷೀನಿನ ರಿಂಗು ಅರ್ಧ ಗೇಣು — ಒಂಬತ್ತು ಕಡೆ ಕೂರಿಸಬೇಕು. ಎಲೆ ಇರುವ 1, 3, 5, 7, 9 ಮೊದಲು. ಹಣ್ಣಿರುವ 2, 4, 6, 8 ಆಮೇಲೆ. ಹಸಿರು ದಾರ ತೆಗೆದು ಕೆಂಪು ಹಾಕುವುದು ಒಂದೇ ಸಲ. ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತು.

11 ಮೇ
ಲಿಂಗಸುಗೂರಿನ ಕಲ್ಯಾಣಮ್ಮನವರು ಮೊನ್ನೆ ಹೇಳಿಹೋದ ಸೀರೆ ತಂದರು. 19ಕ್ಕೆ, ಮುಂದಿನ ಗುರುವಾರ, ಮಗಳ ಮದುವೆ. "ನಮ್ಮವ್ವ ತನ್ನ ಮದಿವ್ಯಾಗ ಅಕ್ಕಿಕಾಳಿಗೆ ಉಟ್ಟಿದ್ದ ಸೀರಿ ನೋಡವಾ. ಕೆಡಿಸಿದ್ರ ಇನ್ನೊಂದು ಕೊಡಾಕ ಆಕಿ ಎದ್ದು ಬರಾಂಗಿಲ್ಲ."
ಹಳೇ ರೇಷ್ಮೆ. ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಮುಚ್ಚುವುದಿಲ್ಲ.

12 ಮೇ
ಕೂಸಿಗೆ ಜ್ವರ. ಮಷೀನಿಗೆ ಕೂರಲು ಆಗುತ್ತಿಲ್ಲ. ನನಗೆ ಕಸೂತಿ ಕಲಿಸಿದ ಮಕ್ತುಂಬೀ ಮಸ್ಕಿಯಿಂದ ಬಂದಳು.
"ಕೂಸಿನ ಮಾರಿ ನೋಡ್ಲೋ, ನಿನ್ನ ಮಾರಿ ನೋಡ್ಲೋ? ಯಾರಿಗೆ ಜಡ್ಡಾಗೈತಿ ತಿಳಿವಲ್ದು! ಸೀರಿ ಕೊಡು ಇತ್ತ."
ಹಾಳೆಯ ಮೇಲಿನ ನಂಬರು ನೋಡಿ ನಕ್ಕಳು. "ರಿಂಗಿಗೆ ಕುಂಟಬಿಲ್ಲೆ ಆಡಿಸಾಕತ್ತೀ ಏನ್ಬೇ? ನಾ ನಡುವಿನಿಂದ ಹೊರಗ ಹೋಗಾಕಿ."
"ಇಲ್ಲ, ಲೆಕ್ಕ ಹಾಕೀನಿ. ಹಂಗ ಹೊಲಿ."
"ಆತು ಬಿಡವಾ, ಕಾಲೇಜು ಕಲ್ತಾಕಿ ನೀ. ಬರ್ದಂಗ ಹಾಕ್ತೀನಿ. ಐತವಾರ ನಸುಕಿನ ನಮಾಜ್ ಮುಗಿಸಿ ಹೊಲಿಯಾಕ ಕೂಡ್ತೀನಿ."
ಸೀರೆ ಸುತ್ತಿಕೊಂಡು ಬಸ್ ಹತ್ತಿದಳು. ಮುಖದಲ್ಲಿ ನಗು ಇರಲಿಲ್ಲ.

15 ಮೇ, ಐತವಾರ, ನಸುಕಿನ 2.40
ಜ್ವರ ಇಳಿದಿಲ್ಲ. ಕೂಸು ಅರೆನಿದ್ದೆಯಲ್ಲಿದೆ. ಮನಸ್ಸು ತಡೆಯದೆ ರೇಷ್ಮೆಯ ಚೂರೊಂದರ ಮೇಲೆ ನನ್ನ ಲೆಕ್ಕದಂತೆಯೇ ಹೊಲಿದು ನೋಡಿದೆ. 1, 3, ಆಮೇಲೆ 2. ಎರಡೂ ಕಡೆಯ ಹೊಲಿಗೆ ಬಟ್ಟೆಯನ್ನು ಎಳೆದುಕೊಂಡಿದೆ. ನಡುವೆ ಉಬ್ಬಿ ನಿಂತಿದೆ, ರಿಂಗು ಸಪಾಟಾಗಿ ಕೂರುತ್ತಿಲ್ಲ. ಬಳ್ಳಿ ಅರ್ಧ ಬೆರಳು ತಪ್ಪಿದೆ. ನಡುವಿನಿಂದ ಹೊಲಿದರೆ ಸಡಿಲೆಲ್ಲ ಅಂಚಿಗೆ ಸರಿದುಹೋಗುತ್ತದೆ — ಅವಳಿಗೆ ಗೊತ್ತಿತ್ತು. ನಾನೇ ಬಾಯಿ ಮುಚ್ಚಿಸಿದೆ.
ಇವರು ರೈಸ್‌ಮಿಲ್ಲಿನಲ್ಲಿ ರಾತ್ರಿ ಪಾಳಿ. ಫೋನ್ ಇರುವುದೂ ಅಲ್ಲೇ.

3.30
ಎದುರುಮನೆಯ ಉಸ್ಮಾನ್‌ಸಾಬ್ ಲಾರಿ ತೆಗೆಯುತ್ತಿದ್ದಾರೆ, ಮಿಲ್ಲಿಗೇ ಹೊರಟವರು. ಬೇರೆ ಕಾಗದ ಹುಡುಕಲು ಹೊತ್ತಿಲ್ಲ. ಈ ಹಾಳೆಯನ್ನೇ ಹರಿದು ಕೊಡುತ್ತೇನೆ.

ರೀ, ಕೂಸನ್ನು ಬಿಟ್ಟು ಬರಲಾರೆ. ಮಸ್ಕಿಗೆ ಫೋನ್ ಮಾಡಿರಿ. ಮಕ್ತುಂಬೀಯ ಪಕ್ಕದ ಮನೆಯ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ಆ ಮನೆಯವರು ಬೈದರೆ ಬೈಯಲಿ, ಅವಳನ್ನು ಫೋನಿಗೆ ಕರೆಸಿರಿ. 5 ಮೊದಲು, ಆಮೇಲೆ 4, 6, 3, 7, ಹೀಗೆ ಹೊರಗೆ. ನಾನು ಸೊಕ್ಕಿನಿಂದ ಮಾತಾಡಿದೆ ಅಂತಲೂ ಹೇಳಿರಿ. ಹೊಲಿಗೆ ಶುರುವಾದರೆ ಮುಗಿಯಿತು. ಒಂದು ಸಲ ಎತ್ತದಿದ್ದರೆ ಮತ್ತೆ ಮಾಡಿರಿ, ನಿಮ್ಮ ಕಾಲಿಗೆ ಬೀಳ್ತೀನಿ. ಲಾರಿ ಹಾರ್ನ್ ಹೊಡೆಯುತ್ತಿದೆ, ಬೆಳಕು ಹರಿಯುವುದರೊಳಗೆ ಫೋನ್—